ಹೇಳಿ ಹೋಗುವ ಪೆಟ್ಟಿಗೆ

ನಮ್ಮ ದೇಶದಲ್ಲಿ ಟೀವಿ ದೆಹಲಿಯಲ್ಲಿ ಮಾತ್ರ ಇದ್ದ ಕಾಲ. ಅಲ್ಲಿನ ಒಂದು ಕನ್ನಡ ಸಂಘದ ಕೋಣೆಗೆ ಹೊಸದಾಗಿ ಬಂದ ಟೀವಿಯನ್ನು ಹಳೆಯ ರೇಡಿಯೊ ಕೆಣಕಿತು: "ಏನಪ್ಪಾ, ಸಂಜೆ ಒಂದಿಷ್ಟು ಬೇಸಾಯದ ಮಾತು, ಒಂದು ಹಾಡು, ವಾರ್ತೆ. ಅಷ್ಟಕ್ಕೇ ನಿನ್ನ ದಿನ ಮುಗಿಯಿತೇ? ನಿನ್ನನ್ನು ಅಂಗಡಿಗೆ ವಾಪಸು ಕಳಿಸುತ್ತಾರೆ, ನೋಡುತ್ತಿರು."

"ನನ್ನ ಕೈಲೇನಿದೆ ಅಣ್ಣಾ? ಬಂದಷ್ಟನ್ನು ತೋರಿಸುತ್ತೇನೆ" ಎಂದಿತು ಟೀವಿ. ಆದರೂ ಅದಕ್ಕೆ ಅಂಜಿಕೆಯಾಯಿತು. ಅಂದು ವಾರ್ತೆ ಮುಗಿಯುತ್ತಲೇ, ಇನ್ನೂ ಸ್ವಲ್ಪ ಹೊತ್ತು ನಡೆಯಬಾರದೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಿತು. ತೆರೆಯ ಮೇಲಿನ ಹೆಂಗಸು ಮಾತ್ರ ಎಂದಿನಂತೆ ಕೈಮುಗಿದು, ನಾಳೆ ಮತ್ತೆ ಬರುತ್ತೇವೆ ಎಂದಳು.

ಟೀವಿ ನೋಡಲು ಸೇರಿದ್ದವರಲ್ಲಿ ಮುಂದಿನ ಸಾಲಿನಲ್ಲಿದ್ದ ಅಂಬಕ್ಕ ಎದ್ದು ನಿಂತು ತಾವೂ ಕೈಮುಗಿದರು. "ಹೋಗಿ ಬಾ ತಾಯಿ."

"ಅವಳಿಗೆ ನೀವು ಕಾಣಿಸಲ್ಲ ಅಂಬಕ್ಕ!" ಎಂದು ಪಕ್ಕದ ಸುಶೀಲಾ ನಕ್ಕಳು.

"ಕಾಣದಿದ್ದರೇನು? ಹೇಳಿ ಹೋಗ್ತಾಳಲ್ಲ. ನಮ್ಮ ಯಜಮಾನರು ಒಂದು ಮಾತೂ ಹೇಳದೆ ತೀರಿಕೊಂಡುಬಿಟ್ಟರು. ಈ ಪೆಟ್ಟಿಗೆ ಇಲ್ಲೇ ಇರಲಿ ಕಣೇ."

ಸುಶೀಲಾಳೂ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಕೈಮುಗಿದರು. ಆರಿದ ತೆರೆಯಲ್ಲಿ ಆ ಕೈಗಳೆಲ್ಲ ಮೂಡಿದವು. ತನ್ನ ದಿನ ಮುಗಿಯುವುದಕ್ಕೂ ಒಂದು ಹೊತ್ತಿದೆಯಲ್ಲ ಎಂದು ಟೀವಿ ಅಂದು ಮೊದಲ ಬಾರಿಗೆ ಸಂತೋಷಪಟ್ಟಿತು.