ಕುಗ್ಗುವ ಗೋಡೆ

"ಕೇಳಿರಯ್ಯಾ ಕೇಳಿ! ದೊರೆ ಚಂಡವರ್ಮರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಒಡೆದವರು ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಯಾರೂ ಒಡೆಯದಿದ್ದರೆ ನಾಲ್ಕನೆಯ ಸಂಜೆ ಗಾರೆಯ ಮಾರನನ್ನು ಅವನು ಕಟ್ಟಿದ ಗೋಡೆಯೊಳಗೇ ಜೀವಂತ ಹೂಳಲಾಗುತ್ತದೆ!"

ಡಂಗುರದವನು ಊರಿಡೀ ಸಾರಿದ. ಮಾರ ಮಾಡಿದ ತಪ್ಪೇನು? ಅವನು ಕಟ್ಟಿದ ಪಾಠಶಾಲೆ ವರ್ಷವರ್ಷಕ್ಕೂ ಕುಗ್ಗುತ್ತಿತ್ತಂತೆ. ಚಂಡವರ್ಮನಿಗೆ ಒಂಬತ್ತನೆಯ ವಯಸ್ಸಿಗೇ ಪಟ್ಟವಾಗಿತ್ತು. ಆ ರಾಜ್ಯದಲ್ಲಿ ದೊರೆಯ ಗೇಣೇ ಅಳತೆ. ವರ್ಷಕ್ಕೊಮ್ಮೆ ಅವನು ತರಗತಿಯ ಗೋಡೆಗೆ ಗೇಣು ಹಾಕುತ್ತಿದ್ದ, ಉಪಾಧ್ಯಾಯ ಬರೆದಿಡುತ್ತಿದ್ದ. ಮೊದಲ ವರ್ಷ ಅರವತ್ತು ಗೇಣು. ಹತ್ತನೆಯ ವರ್ಷ ನಲವತ್ತೈದು.

ಆ ತರಗತಿಗೆ ಹದಿಮೂರು ಜನ ದೊಡ್ಡವರು ಬಂದರು. ದೊರೆ ಉಪಾಧ್ಯಾಯನ ಪೀಠದಲ್ಲಿ ಕುಳಿತ. ಬಾಗಿಲಲ್ಲಿ ಕತ್ತಿ ಹಿಡಿದ ದೊರೆಯ ಕೊಲೆಗಾರ.

"ಎಡಗೈ ಬಿಸಿನೀರಲ್ಲಿ, ಬಲಗೈ ತಣ್ಣೀರಲ್ಲಿ ಇಟ್ಟಿದ್ದೆ. ಆಮೇಲೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಮುಳುಗಿಸಿದೆ. ಎಡಗೈ ತಣ್ಣಗಿದೆ ಅಂತು, ಬಲಗೈ ಬಿಸಿ ಅಂತು. ಸುಳ್ಳು ಹೇಳಿದ ಕೈ ಯಾವುದು?" ಎಂದ ದೊರೆ.

"ಎಡಗೈ, ಅದು ಅಶುಭ" ಎಂದರು ಐವರು ಪಂಡಿತರು. ಐದು ತಲೆ ಉರುಳಿದವು.

ಉತ್ತರಿಸದೆ ಹಿಂದೆ ಸರಿದಿದ್ದ ಉಳಿದವರಿಗೆ ದೊರೆ ಎರಡನೆಯದನ್ನು ಕೇಳಿದ. "ನೀರು ತುಂಬಿದ ಗಂಗಾಳ ಇಟ್ಟು ತರಗತಿಗೆ ಬೀಗ ಹಾಕಿಸಿದೆ. ಮೂರು ದಿನಕ್ಕೆ ಒಂದು ಬೆರಳು ನೀರು ಇಳಿಯಿತು. ಕದ್ದವರು ಯಾರು?"

ಜೋಯಿಸರು ಬ್ರಹ್ಮರಾಕ್ಷಸ ಎಂದರು. ಉಳಿದವರಲ್ಲಿ ಒಬ್ಬನ ಹೊರತು ಎಲ್ಲರೂ ಕಾವಲುಗಾರ ಎಂದರು. ಅವರ ತಲೆಯೂ ಹೋಯಿತು, ಹೆಸರು ಬಂತೆಂದು ಕಾವಲುಗಾರನ ಬೆನ್ನ ಚರ್ಮವೂ ಹೋಯಿತು.

ಎರಡು ಸಲವೂ ಹಿಂದೆ ಸರಿದ ಸೇನಾಪತಿಯೊಬ್ಬ ಉಳಿದ. "ಗೋಡೆ ಕದ್ದವರು ಯಾರು?" ಎಂದ ದೊರೆ.

"ಮಾರನೇ, ಪ್ರಭು."

"ಅದು ನನಗೂ ಗೊತ್ತು. ಹೇಗೆ ಕದ್ದ?"

ಸೇನಾಪತಿ ಬಾಯಿ ತೆರೆದ. ಮಾತು ಬರುವ ಮೊದಲೇ ತಲೆ ಬಿತ್ತು.

ಹದಿಮೂರು ಜನ. ಒಬ್ಬನೂ ನೀರು ಮುಟ್ಟಿರಲಿಲ್ಲ, ಗೋಡೆಗೆ ಒಂದು ದಾರ ಹಿಡಿದಿರಲಿಲ್ಲ. ಬಾಯಲ್ಲೇ ಎಲ್ಲ ತಿಳಿದವರು.

ನಾಲ್ಕನೆಯ ಸಂಜೆ ಮಾರನ ಮಗಳು ದುರುಗಿ ಕೈತುಂಬ ಸುಣ್ಣ ಮೆತ್ತಿಕೊಂಡೇ ಒಳಗೆ ಬಂದಳು. ಗೋಡೆಯ ಬುಡದಲ್ಲಿ ಅಪ್ಪನನ್ನು ಸರಪಳಿಯಲ್ಲಿ ಬಿಗಿದಿದ್ದರು.

"ಓದಿದವರೇ ಸತ್ತರು. ಕಲ್ಲು ಹೊರುವವಳು ನೀನೇನು ಹೇಳುತ್ತೀಯೇ?" ದೊರೆ ನಕ್ಕ.

"ಹೇಳುವುದಿಲ್ಲ ಬುದ್ಧಿ, ತೋರಿಸುತ್ತೇನೆ. ನೀರು ತರಿಸಿ. ಈ ಸಲ ನಿಮ್ಮ ಬಲಗೈ ಬಿಸಿನೀರಿಗೆ, ಎಡಗೈ ತಣ್ಣೀರಿಗೆ."

ಆಮೇಲೆ ದೊರೆ ಎರಡನ್ನೂ ಒಂದೇ ಪಾತ್ರೆಗೆ ಹಾಕಿದಾಗ ಬಲಗೈಗೆ ತಣ್ಣಗಾಯಿತು, ಎಡಗೈಗೆ ಬಿಸಿಯಾಯಿತು.

"ಯಾವ ಕೈಯೂ ಸುಳ್ಳು ಹೇಳಲಿಲ್ಲ. ತಾನು ಬಿಟ್ಟು ಬಂದ ನೀರಿಗೆ ಹೋಲಿಸಿ ಹೇಳಿತು. ಶಾಖ ಅಳೆಯಲು ಕೈ ಸಾಲದು."

ಕಿಟಕಿಯಲ್ಲಿ ಎರಡು ಗಂಗಾಳಗಳಿದ್ದವು. "ಕಿಟಕಿಯಾಚೆ ನಿಂತು ನಿಮ್ಮ ಒಗಟು ಕೇಳಿದ ದಿನವೇ ಎರಡನ್ನೂ ತುಂಬಿಸಿ ಇಲ್ಲಿಟ್ಟೆ. ಮುಚ್ಚಿದ್ದು ಹಾಗೇ ಇದೆ, ತೆರೆದಿದ್ದು ಇಳಿದಿದೆ. ನೀರು ಗಾಳಿಗೆ ಆರಿಹೋಗಿದೆ. ಹಸಿ ಗಾರೆ ಒಣಗುವುದೂ ಹೀಗೇ. ಆ ಕಾವಲುಗಾರನನ್ನು ಸುಮ್ಮನೆ ಸುಲಿಸಿದಿರಿ."

"ಗೋಡೆ?"

"ಬೇಡ ಮಗಳೇ" ಎಂದ ಮಾರ. ಅವನಿಗೂ ಉತ್ತರ ಗೊತ್ತಿತ್ತು. ಹೇಳಿದರೆ ದೊರೆ ಮಗಳನ್ನೂ ಉಳಿಸುವುದಿಲ್ಲವೆಂದು ಬಾಯಿ ಮುಚ್ಚಿಕೊಂಡಿದ್ದ.

"ಗೋಡೆ ಇದ್ದಷ್ಟೇ ಇದೆ ಬುದ್ಧಿ. ನೀವು ಬೆಳೆದಿದ್ದೀರಿ. ಪಟ್ಟದ ದಿನ ಬಾಗಿಲ ಪಕ್ಕದ ಹಸಿ ಗಾರೆಗೆ ಕೈ ಒತ್ತಿದ್ದಿರಿ. ಈಗ ಅದರ ಮೇಲೆ ಕೈ ಇಡಿ."

ದೊರೆ ಇಟ್ಟ. ಬೆರಳುಗಳು ಆ ಪುಟ್ಟ ಅಚ್ಚನ್ನು ದಾಟಿ ಹೊರಗೆ ಚಾಚಿದವು. ಕೊಲೆಗಾರ ಕಿಸಕ್ಕನೆ ನಕ್ಕ. ದೊರೆ ಅವನ ಕತ್ತಿ ಕಸಿದು ಅವನನ್ನೇ ಕಡಿದ. ಕಿಟಕಿಯ ಆಚೆ ಇಡೀ ಊರು ನೋಡುತ್ತಿತ್ತು. ಕೊಟ್ಟ ಮಾತು ನುಂಗುವಂತಿರಲಿಲ್ಲ.

"ಏನು ಬೇಕು?"

"ನನ್ನಪ್ಪ ಬೇಕು. ಈ ಪಾಠಶಾಲೆ ಬೇಕು. ಬೆಳೆಯದ, ಕುಗ್ಗದ ಒಂದು ಕಬ್ಬಿಣದ ಕೋಲು ಬೇಕು. ಇನ್ನು ಅಳತೆ ಅದರದ್ದು, ನಿಮ್ಮ ಕೈಯದ್ದಲ್ಲ."

ಸಿಕ್ಕಿತು. ಮೊದಲ ಪಾಠಕ್ಕೆ ದುರುಗಿ ಮಕ್ಕಳನ್ನು ಹಿತ್ತಲಿನಲ್ಲಿ ಹೊಸದಾಗಿ ಮುಚ್ಚಿದ್ದ ಗುಂಡಿಯ ಬಳಿಗೆ ಕರೆದೊಯ್ದಳು. ದೊರೆಯೂ ನೋಡಲು ಬಂದು ನಿಂತ.

"ಅಳೆಯಿರಿ."

"ಎಂಟು ಕೋಲು ಉದ್ದ ಅಕ್ಕಾ, ಎರಡು ಕೋಲು ಅಗಲ."

"ಒಳಗೆ ಎಷ್ಟು ಜನ?"

"ಹದಿನಾಲ್ಕು."

"ಬರೆದುಕೊಳ್ಳಿ. ಕೊಂದವನು ಯಾರು ಅಂತಲೂ ಬರೆಯಿರಿ. ಅವನ ಹೆಸರು ಬರೆಯಲು ಬಾರದಿದ್ದರೆ ಕೇಳಿ, ಇಲ್ಲೇ ನಿಂತಿದ್ದಾನೆ."