ತುಂಗೆಯ ಕಾಲು, ಪರಮಯ್ಯನ ಗೆಲುವು

ಮಕ್ಕಳೇ, ಒಂದು ದಟ್ಟ ಕಾಡಿನ ನಡುವೆ ಹೊಳೆಯೊಂದು ಹರಿಯುತ್ತಿತ್ತು. ಹೊಳೆಯ ಈಚೆ ದಡದಲ್ಲಿ ಹೊನ್ನೆಮರದ ವಿದ್ಯಾಪೀಠ, ಆಚೆ ದಡದಲ್ಲಿ ಮತ್ತಿಮರದ ವಿದ್ಯಾಪೀಠ. ಗಾಳಿಯಲ್ಲಿ ವಾಸನೆ ಹಿಡಿಯುವುದು, ಹೆಜ್ಜೆಗುರುತು ಓದುವುದು, ಯಾವ ಹಣ್ಣು ತಿನ್ನಬೇಕು, ಯಾವುದನ್ನು ಮೂಸಿ ಬಿಡಬೇಕು, ಇವೇ ಅಲ್ಲಿನ ಪಾಠಗಳು. ಎರಡೂ ಕಡೆ ಕಲಿಸುತ್ತಿದ್ದದ್ದು ಒಂದೇ. ಹಾಗೆಂದು ಯಾರಾದರೂ ಹೇಳಿದರೆ ಮಾತ್ರ ಎರಡೂ ಕಡೆಯವರು ಜಗಳಕ್ಕೆ ಬರುತ್ತಿದ್ದರು.

ಜಗಳದ ಬೇರು ಕಾಲ್ಚೆಂಡಿನಾಟದಲ್ಲಿತ್ತು. ಮಳೆಗಾಲ ಕಳೆದು ಹೊಳೆ ಇಳಿದಾಗ ನಡುವೆ ಅಗಲವಾದ ಮರಳದಿಣ್ಣೆ ಏಳುತ್ತಿತ್ತು. ಬೆತ್ತದಲ್ಲಿ ಹೆಣೆದ ಚೆಂಡು ಹಿಡಿದು ಎರಡೂ ತಂಡಗಳು ಅಲ್ಲಿ ಆಡುತ್ತಿದ್ದವು. ಗೆದ್ದವರಿಗೆ ಕಾಟಿಯ, ಅಂದರೆ ಕಾಡುಕೋಣದ, ಹಳೆಯದೊಂದು ಕೊಂಬು. ಅದನ್ನು ಮುಂದಿನ ಪಂದ್ಯದವರೆಗೆ ತಮ್ಮ ಮರಕ್ಕೆ ನೇತುಹಾಕಿಕೊಳ್ಳಬಹುದು. ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದ ಪಂದ್ಯ ಅದು. ಮೊದಲ ಸಲ ಗೆದ್ದವರು ಯಾರೆಂದು ಕೇಳಿದರೆ ಎರಡೂ ಕಡೆಯ ಮುದುಕರು ನಾವೇ ಎನ್ನುತ್ತಿದ್ದರು.

ಹೊನ್ನೆಯ ಮುಖ್ಯ ಗುರು ಪರಮಯ್ಯ ಎಂಬ ಮುಸುವ, ಕರಿಮೋರೆಯ ಕೋತಿ. ಅವನು ಹುಟ್ಟಿದಾಗಿನಿಂದ ಚೆಂಡು ಒದ್ದವನಲ್ಲ. ಮೇಲಿನ ಕೊಂಬೆಯಲ್ಲಿ ಕೂತು, ಬಾಲ ಇಳಿಬಿಟ್ಟು, ಕೆಳಗೆ ಬೆವರು ಸುರಿಸುವವರಿಗೆ ಬುದ್ಧಿ ಹೇಳುವುದೇ ಅವನ ಆಟ. ಹೊನ್ನೆ ಕೆಲವು ವರ್ಷಗಳಿಂದ ಸೋಲುತ್ತಲೇ ಬಂದಿತ್ತು. ಆಚೆ ದಡದಲ್ಲಿ ನೇತಾಡುವ ಕೊಂಬು ಅವನ ಕೊಂಬೆಯಿಂದ ಚೆನ್ನಾಗಿ ಕಾಣುತ್ತಿತ್ತು. ಅದನ್ನು ನೋಡಿ ನೋಡಿ ಉಂಡ ಅನ್ನ ಅವನ ಮೈಗೆ ಹತ್ತದಂತಾಯಿತು. ಕಡೆಗೆ ಅವನೊಂದು ಕಟ್ಟಳೆ ಮಾಡಿದ. ಹೊನ್ನೆಯ ಮಕ್ಕಳು ಮತ್ತಿಯವರ ಜೊತೆ ಮಾತಾಡಕೂಡದು. ಅವರು ನೀರಿಗೆ ಬರುವ ಹೊತ್ತಿನಲ್ಲಿ ಹೊಳೆಗೆ ಇಳಿಯಕೂಡದು. ಬಾಯಾರಿದ ಮರಿಗಳು ಬಿಸಿಲಲ್ಲಿ ಕಾದು ನಿಲ್ಲುತ್ತಿದ್ದವು. ಇದು ಯಾವ ನ್ಯಾಯ ಎಂದು ಕೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ.

ಆ ವರ್ಷ ಹೊನ್ನೆಯ ತಂಡಕ್ಕೆ ತುಂಗೆ ಎಂಬ ಎಳೆಯ ಜಿಂಕೆ ಸೇರಿದಳು. ಚೆಂಡು ಅವಳ ಗೊರಸಿಗೆ ತಾಗಿದರೆ ಅಂಟಿಕೊಂಡಂತೆ ಓಡುತ್ತಿತ್ತು. ತಂಡದ ನಾಯಕ ಗಿಡ್ಡಣ್ಣ ಎಂಬ ಕಾಡುಹಂದಿ. ಅವನು ಮೆಚ್ಚಿ ಮಾತಾಡುವುದೇ ಅಪರೂಪ. ಅವನೂ ಈ ಹುಡುಗಿ ಇದ್ದರೆ ನಾವು ಗೆಲ್ಲಬಹುದು ಎಂದ. ಆ ಮಾತು ಪರಮಯ್ಯನ ಕಿವಿಗೆ ಬಿತ್ತು. ಅಂದಿನಿಂದ ಅವನು ತುಂಗೆಯನ್ನು ಮಗಳೇ ಎಂದು ಕರೆಯತೊಡಗಿದ. ಯಾರೂ ಹಾಗೆ ಕರೆಯದೆ ಬೆಳೆದ ತುಂಗೆಗೆ ಅದು ಬಹಳ ಹಿಡಿಸಿತು. ತಾಯಿಯನ್ನು ಅವಳು ಮರಿಯಾಗಿದ್ದಾಗಲೇ ಕಳೆದುಕೊಂಡಿದ್ದಳು.

ಪಂದ್ಯ ಹತ್ತಿರ ಬಂತು. ಒಂದು ಬೆಳಿಗ್ಗೆ ಅಭ್ಯಾಸ ಮಾಡುವಾಗ ತುಂಗೆಯ ಮುಂಗಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿ ಹೊರಳಿತು. ಕ್ಷಣದಲ್ಲೇ ಕಾಲು ಊದಿಕೊಂಡಿತು. ಹೊನ್ನೆಯಲ್ಲಿ ಮದ್ದಿನ ಪಾಠ ಹೇಳುತ್ತಿದ್ದ ಸಾಳವ್ವ ಎಂಬ ಮುಳ್ಳುಹಂದಿ ಬಂದು ಕಾಲು ಮುಟ್ಟಿ ನೋಡಿದಳು. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿದೆ, ಈ ಚಳಿಗಾಲ ಕಳೆಯುವವರೆಗೆ ಇವಳು ಓಡಬಾರದು, ಓಡಿದರೆ ಕಾಲು ಮುರಿದೇ ಹೋಗುತ್ತದೆ ಎಂದು ಪರಮಯ್ಯನನ್ನು ಪಕ್ಕಕ್ಕೆ ಕರೆದು ಹೇಳಿದಳು.

ಪರಮಯ್ಯ ಅವಳ ಮಾತಿಗೆ ಸೊಪ್ಪು ಹಾಕಲಿಲ್ಲ. ನೋವು ತಿಳಿಯದಂತೆ ಮಾಡುವ ಒಂದು ಗಿಡದ ಬೇರು ಇದೆಯಲ್ಲ, ಅದನ್ನು ಕೊಡು ಎಂದ. ಆ ಬೇರು ನೋವನ್ನು ಮರೆಸುತ್ತದೆ, ಬಿರುಕನ್ನು ಕೂಡಿಸುವುದಿಲ್ಲ ಎಂದಳು ಸಾಳವ್ವ. ಮಾತಿಗೆ ಮಾತು ಬೆಳೆಯಿತು.

"ನಿನಗೆ ಹೊನ್ನೆಯ ಮಾನ ಬೇಡವೇನು?" ಎಂದ ಪರಮಯ್ಯ.

"ಮಾನ ನಿಮ್ಮದು, ಕಾಲು ಅವಳದು. ನಾನು ಕೊಡುವುದಿಲ್ಲ" ಎಂದಳು ಸಾಳವ್ವ.

ಹಾಗಾದರೆ ಮತ್ತಿಯವರ ಹತ್ತಿರ ಹೋಗಿ ಪಾಠ ಹೇಳು ಎಂದು ಪರಮಯ್ಯ ಅವಳನ್ನು ಅಂದೇ ಹೊರಗೆ ಹಾಕಿದ. ಇಷ್ಟು ವರ್ಷ ಹೊನ್ನೆಯ ಮರಿಗಳ ಗಾಯ ತೊಳೆದವಳು ಒಬ್ಬಳೇ ಹೊಳೆ ದಾಟಿ ಹೋದಳು. ಹೋಗುವ ಮುನ್ನ ತುಂಗೆಯನ್ನು ನೋಡಬೇಕೆಂದಳು. ಅದಕ್ಕೂ ಅವನು ಬಿಡಲಿಲ್ಲ. ಮಕ್ಕಳೇ, ಇದನ್ನು ಹೇಳುವಾಗ ನನ್ನ ಮೈ ಉರಿಯುತ್ತದೆ. ಆದರೆ ಅವನು ಮುಂದೆ ಮಾಡಿದ್ದು ಇದಕ್ಕಿಂತ ಕೆಟ್ಟದ್ದು.

ಪಂದ್ಯದ ದಿನ ಅವನೇ ಆ ಬೇರನ್ನು ಅಗೆದು ತಂದ. ತುಂಗೆಯ ಕಾಲಿಗೆ ಬಳ್ಳಿ ಬಿಗಿದು, ಬೇರನ್ನು ಅಗಿಯಲು ಕೊಟ್ಟ. ಸಾಳವ್ವನೇ ಇದನ್ನು ಕೊಟ್ಟು ಹೋಗಿದ್ದಾಳೆ, ಇದನ್ನು ತಿಂದರೆ ಉಳುಕು ವಾಸಿಯಾಗುತ್ತದೆ ಎಂದು ಸುಳ್ಳು ಹೇಳಿದ. ತುಂಗೆ ನಂಬಿದಳು. ಗುರು ಹೇಳಿದ್ದನ್ನು ನಂಬದೆ ಇನ್ನಾರನ್ನು ನಂಬಬೇಕು? ಸ್ವಲ್ಪ ಹೊತ್ತಿನಲ್ಲಿ ಕಾಲಿನ ನೋವು ಹೋಯಿತು. ಅವಳು ಕುಣಿಯುತ್ತ ಮರಳದಿಣ್ಣೆಗೆ ಇಳಿದಳು.

ಎರಡೂ ದಡಗಳಲ್ಲಿ ಕಾಡಿಗೆ ಕಾಡೇ ನೆರೆದಿತ್ತು. ಮತ್ತಿಯ ಗೋಲು ಕಾಯುತ್ತಿದ್ದವನು ಭೈರ ಎಂಬ ಕರಡಿ. ಅವನ ಅಂಗೈ ದಾಟಿ ಚೆಂಡು ಹೋಗುವುದು ಕಷ್ಟ. ತುಂಗೆ ಮತ್ತೆ ಮತ್ತೆ ನುಗ್ಗಿದಳು, ಭೈರ ಮತ್ತೆ ಮತ್ತೆ ತಡೆದ. ಒಮ್ಮೆ ತಡೆದ ಮೇಲೆ ಅವನು ಅವಳನ್ನು ನೋಡಿ ತಲೆದೂಗಿದ. ಅವಳೂ ನಕ್ಕಳು. ಕೊಂಬೆಯ ಮೇಲಿಂದ ಪರಮಯ್ಯ ಮತ್ತಿಯವನ ಮುಖ ನೋಡಬೇಡ ಎಂದು ಗದರಿದ.

ಆಟ ಮುಗಿಯುತ್ತ ಬಂದರೂ ಗೋಲಾಗಲಿಲ್ಲ. ಗಿಡ್ಡಣ್ಣ ಉದ್ದಕ್ಕೆ ಒದ್ದ ಚೆಂಡನ್ನು ತುಂಗೆ ಓಡುತ್ತಲೇ ಹಿಡಿದು ಗೋಲಿನ ಕಡೆ ಒದ್ದಳು. ಒದ್ದ ಕ್ಷಣದಲ್ಲಿ ಒಣಕಡ್ಡಿ ಮುರಿದಂತೆ ಸದ್ದಾಯಿತು. ನೋವೇ ಇಲ್ಲದ್ದರಿಂದ ಅವಳಿಗೆ ಏನಾಯಿತೆಂದು ತಿಳಿಯಲಿಲ್ಲ. ಮತ್ತೆ ಹೆಜ್ಜೆ ಇಟ್ಟಳು. ಕಾಲು ಬಾಗಬಾರದ ಕಡೆಗೆ ಬಾಗಿತು. ಅವಳು ಮರಳಿಗೆ ಬಿದ್ದಳು. ಅವಳ ಹಿಂದೆಯೇ ಎರಡೂ ತಂಡದ ಭಾರೀ ಮೈಯವರು ಚೆಂಡಿನ ಮೇಲೆ ಕಣ್ಣಿಟ್ಟು ಓಡಿಬರುತ್ತಿದ್ದರು.

ಭೈರ ಕಾಲು ಬಾಗಿದ್ದನ್ನು ಕಂಡ. ಚೆಂಡು ನೇರ ಅವನ ಕಡೆಗೇ ಬರುತ್ತಿತ್ತು, ಕೈ ಚಾಚಿದರೆ ಸಿಗುತ್ತಿತ್ತು. ಅವನು ಚೆಂಡನ್ನು ಬಿಟ್ಟು ತುಂಗೆಯ ಕಡೆಗೆ ಓಡಿದ. ಅವಳ ಮೇಲೆ ತನ್ನ ಮೈಯನ್ನು ಚಪ್ಪರದಂತೆ ಬಗ್ಗಿಸಿ ನಿಂತ. ಓಡಿಬಂದವರ ಗೊರಸುಗಳೂ ಕೋರೆಗಳೂ ಅವನ ಬೆನ್ನಿಗೆ ತಾಗಿದವು. ಚೆಂಡು ಉರುಳುತ್ತ ಹೋಗಿ ಖಾಲಿ ಗೋಲಿನೊಳಗೆ ಸೇರಿತು.

ಮತ್ತಿಯ ದಡದಲ್ಲಿ ಕೆಲವರು ತುಂಗೆ ಬಿದ್ದದ್ದಕ್ಕೆ ಶಿಳ್ಳೆ ಹಾಕುತ್ತಿದ್ದರು. ನಾಚಿಕೆಗೇಡು. ಭೈರ ತಲೆಯೆತ್ತಿ ತನ್ನವರನ್ನು ಒಮ್ಮೆ ನೋಡಿದ, ಶಿಳ್ಳೆ ನಿಂತಿತು. ಆದರೆ ಹೊನ್ನೆಯ ಮರದ ಮೇಲೆ ಒಂದು ದನಿ ನಿಲ್ಲಲಿಲ್ಲ. ಪರಮಯ್ಯ ಕೊಂಬೆಯಿಂದ ಕೊಂಬೆಗೆ ನೆಗೆಯುತ್ತ ಗೆದ್ದೆವು, ಗೆದ್ದೆವು ಎಂದು ಕೂಗುತ್ತಿದ್ದ. ತೀರ್ಪು ಹೇಳುವ ಕೊಕ್ಕರೆ ನಿಯಮದ ಪ್ರಕಾರ ಇದು ಗೋಲೇ ಎಂದು ತಲೆ ತಗ್ಗಿಸಿ ಹೇಳಿತು. ಪರಮಯ್ಯ ಹೊಳೆ ದಾಟಿ ಓಡಿ, ತಾನೇ ಮತ್ತಿಮರ ಹತ್ತಿ ಕೊಂಬನ್ನು ಕಿತ್ತುಕೊಂಡ. ದಾರಿಯಲ್ಲೇ ತುಂಗೆ ಬಿದ್ದಿದ್ದಳು. ಹೋಗುವಾಗಲೂ ಬರುವಾಗಲೂ ಅವನು ಅವಳ ಪಕ್ಕದಲ್ಲಿ ನಿಲ್ಲಲಿಲ್ಲ.

ಆಚೆ ದಡದಿಂದ ಸಾಳವ್ವ ಓಡಿಬಂದಳು. ಕಾಲು ನೋಡಿ, ಬಾಯಿ ಮೂಸಿ, ಬೇರು ಯಾರು ಕೊಟ್ಟರೆಂದು ಕೇಳಿದಳು.

"ನೀವೇ ಕೊಟ್ಟು ಹೋದಿರಂತೆ. ವಾಸಿಯಾಗುತ್ತದೆ ಅಂದರು" ಎಂದಳು ತುಂಗೆ.

ಸಾಳವ್ವ ನಡೆದದ್ದನ್ನೆಲ್ಲ ಎರಡೂ ತಂಡದ ಎದುರು ಹೇಳಿದಳು. ಗಿಡ್ಡಣ್ಣನ ಬೆನ್ನ ಕೂದಲು ನೆಟ್ಟಗೆ ನಿಂತಿತು. ಅವನು ಕೊಂಬು ಹಿಡಿದು ಬರುತ್ತಿದ್ದ ಪರಮಯ್ಯನಿಗೆ ಅಡ್ಡ ನಿಂತ.

"ಇವಳ ಕಾಲು ಮುರಿಯುತ್ತದೆಂದು ನಿಮಗೆ ಗೊತ್ತಿತ್ತು."

"ಕಾಲು ಇವತ್ತಲ್ಲ ನಾಳೆ ಕೂಡುತ್ತದಯ್ಯ. ಮತ್ತಿಯವರನ್ನು ಸೋಲಿಸುವ ದಿನ ಮತ್ತೆ ಬರುತ್ತಿತ್ತೇ?" ಎಂದ ಪರಮಯ್ಯ.

ಗಿಡ್ಡಣ್ಣ ಅವನಿಗೆ ಬೆನ್ನು ತಿರುಗಿಸಿದ. ಅವನೂ ಭೈರನೂ ಕೊಂಬೆ ರೆಂಬೆ ಕೂಡಿಸಿ ಡೋಲಿ ಕಟ್ಟಿ, ತುಂಗೆಯನ್ನು ಹೊತ್ತು ಸಾಳವ್ವನ ಹಿಂದೆ ಆಚೆ ದಡಕ್ಕೆ ನಡೆದರು. ಹೊನ್ನೆಯ ಇಡೀ ತಂಡ ಅವರ ಹಿಂದೆ ಹೋಯಿತು. ಬೇರಿನ ಸುದ್ದಿ ಕಾಡಿನಲ್ಲಿ ಹರಡುತ್ತಿದ್ದಂತೆ ತಾಯಂದಿರು ಬಂದು ಹೊನ್ನೆಯಿಂದ ತಮ್ಮ ಮರಿಗಳನ್ನು ಒಂದೊಂದಾಗಿ ಕರೆದುಕೊಂಡು ಹೋದರು. ಪರಮಯ್ಯ ಕೊಂಬು ಕಟ್ಟಿದ ಮರದಲ್ಲಿ ಒಬ್ಬನೇ ಉಳಿದ. ಅದನ್ನು ತೋರಿಸಿ ಹೆಮ್ಮೆಪಡಲು ಕೆಳಗೆ ಒಂದು ಮೊಲದ ಮರಿಯೂ ಇರಲಿಲ್ಲ.

ಚಳಿಗಾಲ ಕಳೆಯಿತು. ತುಂಗೆಯ ಎಲುಬು ಕೂಡಿತು, ಆದರೆ ಸೊಟ್ಟಾಗಿ ಕೂಡಿತು. ಅವಳು ಕುಂಟುತ್ತ ನಡೆಯಬಲ್ಲಳು. ಇನ್ನೆಂದೂ ಓಡಲಾರಳು. ಓಡಲಾರದ ಜಿಂಕೆಗೆ ಕಾಡಿನಲ್ಲಿ ಪ್ರತಿದಿನವೂ ಭಯವೇ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಅದಕ್ಕೇ ಅವಳು ಮೇಯುವಾಗ ಭೈರನೋ ಗಿಡ್ಡಣ್ಣನೋ ಹತ್ತಿರದಲ್ಲೇ ಇರುತ್ತಿದ್ದರು.

ಒಂದು ದಿನ ಪರಮಯ್ಯ ಅವಳನ್ನು ಹುಡುಕಿಕೊಂಡು ಬಂದ. ಬಡವಾಗಿದ್ದ. ಒಬ್ಬನೇ ಇರಲಾಗುತ್ತಿಲ್ಲ, ನೀನು ಒಂದು ಮಾತು ಹೇಳಿದರೆ ಎಲ್ಲರೂ ಮರಳಿ ಬರುತ್ತಾರೆ ಎಂದು ಬೇಡಿಕೊಂಡ. ತನಗಾಗಿ ತಾನು ಏನನ್ನೂ ಮಾಡಲಿಲ್ಲವೆಂದ.

"ಎಲ್ಲ ಹೊನ್ನೆಗಾಗಿ ಮಾಡಿದೆ, ಮಗಳೇ."

ತುಂಗೆ ಮೇಯುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

"ಹೊನ್ನೆ ಅಂದರೆ ಯಾರು, ಅಯ್ಯನವರೇ? ನಾನು ಅದರಲ್ಲಿ ಇರಲಿಲ್ಲವೇ?"

ತುಂಗೆ ಅವನ ಉತ್ತರಕ್ಕೆ ಕಾಯಲಿಲ್ಲ. ಕುಂಟುತ್ತ, ಗೆಳೆಯರು ಕೂತಿದ್ದ ಹುಲ್ಲಿನ ಕಡೆಗೆ ನಡೆದಳು.

ನೀತಿ: ಎದುರಾಳಿಯನ್ನು ಸೋಲಿಸುವ ಹಟದಲ್ಲಿ ತನ್ನವರನ್ನೇ ಬಲಿಕೊಡುವವನಿಗೆ ಗೆದ್ದ ದಿನವೇ ತನ್ನವರು ಇಲ್ಲವಾಗುತ್ತಾರೆ.