ರಾಣಿಗೆ ವಿಷವಿಕ್ಕಿದವರು ಯಾರು?

"ಕಂಚಿನಕೋಟೆಯ ಸಮಸ್ತರೂ ಕಿವಿಗೊಡಿ! ರಾಣಿ ನೀಲಾಜಮ್ಮಣ್ಣಿಯವರಿಗೆ ಯಾರೋ ವಿಷವಿಕ್ಕುತ್ತಿದ್ದಾರೆ. ಅರಸ ಕೆಂಚರಸರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಹತ್ತು ಹಳ್ಳಿ ಉಂಬಳಿ. ಒಂದು ತಪ್ಪಿದರೂ ಅಮಾವಾಸ್ಯೆಯ ಬೆಳಗ್ಗೆ ತಲೆ ಹೋಗುತ್ತದೆ!"

ಡಂಗುರದವನು ಬೀದಿಬೀದಿಯಲ್ಲಿ ಹೀಗೆ ಕೂಗಿದ. ಅವನೇನಾದರೂ ಮಾತು ತಿರುಚುತ್ತಾನೋ ಎಂದು ನೋಡಲು ಹಿಂದೆ ಇಬ್ಬರು ಗೂಢಚಾರರು. ಆ ಇಬ್ಬರ ಮೇಲೆ ಕಣ್ಣಿಡಲು ಇನ್ನೊಬ್ಬ. ಕೆಂಚರಸನ ರಾಜ್ಯ ನಡೆಯುತ್ತಿದ್ದುದೇ ಹಾಗೆ.

ಎರಡು ತಿಂಗಳ ಹಿಂದೆ ರಾಣಿಯ ಬೆನ್ನಿಗೆ ಕೆಟ್ಟ ಹುಣ್ಣೆದ್ದು, ಜ್ವರ ನೆತ್ತಿಗೇರಿತ್ತು. ತಿರುಮಲ ಪಂಡಿತರು ಹಳಸಿದ ರೊಟ್ಟಿಯ ಮೇಲಿನ ಬೂಷ್ಟಿನಿಂದ ಒಂದು ಹಸಿರು ಪುಡಿ ತೆಗೆದು ಕೊಟ್ಟರು. ಐದನೆಯ ದಿನಕ್ಕೆ ಹುಣ್ಣು ಒಣಗಿತು. ಅರಮನೆ ಉಸಿರು ಬಿಡುವಷ್ಟರಲ್ಲಿ ರಾಣಿಗೆ ಭೇದಿ ಹಿಡಿಯಿತು. ದಿನಕ್ಕೆ ಹತ್ತು ಸಲ, ಹದಿನೈದು ಸಲ. ಕಣ್ಣು ಗುಳಿಬಿದ್ದವು.

ಅರಸನಿಗೆ ವಿಷದ ವಾಸನೆ ಹೊಡೆಯಿತು. ದಾಸಿಯರನ್ನು ಓಡಿಸಿ, ಏಳು ಬಾಗಿಲು ಹಾಕಿಸಿ, ರಾಣಿಯ ಆರೈಕೆಯನ್ನು ತಾನೇ ಹಿಡಿದ. ಜಗತ್ತಿನಲ್ಲಿ ಅವನು ನಂಬಿದ್ದು ಆ ಹಸಿರು ಪುಡಿಯೊಂದನ್ನೇ. ಅದನ್ನು ಮಾತ್ರ ತಪ್ಪದೆ ತಿನ್ನಿಸಿದ. ಅಷ್ಟರಲ್ಲಿ ಅರಮನೆಯ ಇನ್ನೊಂದು ತುದಿಯಲ್ಲಿದ್ದ ಅವನ ಸೋದರತ್ತೆಗೂ ಅದೇ ಭೇದಿ ಶುರುವಾಯಿತು. ಏಳು ಬಾಗಿಲು ದಾಟಿ ಹೊರಗೆ ಹೋಗಿ ಬರುತ್ತಿದ್ದುದು ಬಟ್ಟೆಯ ಗಂಟು ಮಾತ್ರ. ಹಾಗಾದರೆ ಮಡಿವಾಳರ ಚಿಕ್ಕಮಾಚನೇ ಸೀರೆಗೆ ವಿಷ ಸವರಿದ್ದಾನೆ ಎಂದು ಅವನನ್ನು ಸೆರೆಗೆ ತಳ್ಳಿದರು. ಅಮಾವಾಸ್ಯೆಗೆ ಅವನ ತಲೆಯೂ ಲೆಕ್ಕದಲ್ಲಿತ್ತು.

ಒಗಟು ಬಿಡಿಸಲು ಮೊದಲು ಬಂದ ದಳವಾಯಿ ಅಡುಗೆಯವನತ್ತ ಬೆರಳು ಮಾಡಿದ. ಅಡುಗೆಯವನನ್ನು ಬದಲಿಸಿದರೂ ಭೇದಿ ನಿಲ್ಲಲಿಲ್ಲ. ದಳವಾಯಿ ಸೆರೆ ಸೇರಿದ. ಆಮೇಲೆ ಜೋಯಿಸರು ಬಂದು, ಅಂಗಳದಲ್ಲಿ ಮಾಟ ಹೂತಿದೆ ಎಂದರು. ಅಗೆದಾಗ ಸಿಕ್ಕಿದ್ದು ಕೋಳಿಯ ಮೂಳೆ. ಜೋಯಿಸರೂ ಒಳಗೆ ಹೋದರು.

ಮೂರನೆಯವಳಾಗಿ ಬಂದವಳು ಚಿಕ್ಕಮಾಚನ ಹೆಂಡತಿ ಹೊನ್ನಿ. ಗಂಡ ಸೆರೆಗೆ ಹೋದ ಮೇಲೂ ಅರಮನೆಯ ಮೈಲಿಗೆ ಬಟ್ಟೆ ಒಗೆಯುತ್ತಿದ್ದವಳು ಅವಳೇ. ಆಸ್ಥಾನದವರು ಮುಸಿಮುಸಿ ನಕ್ಕರು.

"ಕೇಳು," ಎಂದ ಅರಸ. "ಒಂದೇ ತಟ್ಟೆಯಿಂದ ಇಬ್ಬರು ಉಣ್ಣುತ್ತಾರೆ. ಮೊದಲು ರುಚಿ ನೋಡುವ ಆಳು ಗುಂಡುಕಲ್ಲಿನ ಹಾಗಿದ್ದಾನೆ. ಆಮೇಲೆ ಉಂಡ ರಾಣಿ ಹಾಸಿಗೆ ಹಿಡಿದಿದ್ದಾಳೆ. ಮನುಷ್ಯರನ್ನು ಆರಿಸಿಕೊಂಡು ಹಿಡಿಯುವ ಈ ವಿಷ ಯಾವುದು?"

"ಅದು ತಟ್ಟೇಲಿಲ್ಲ ಬುದ್ಧಿ. ಯಾವ ಬಟ್ಟೆ ಯಾವ ಕೋಣೇದು ಅಂತ ನಾವು ಗೇರಿನ ರಸದಲ್ಲಿ ಗುರುತು ಹಾಕಿರ್ತೀವಿ. ಭೇದಿ ಬಟ್ಟೆ ಬರೋದು ಎರಡೇ ಕೋಣೆಯಿಂದ, ರಾಣಿಯೋರದು, ಅತ್ತೆಯೋರದು. ದಿಂಬಿನ ಮೇಲೆ ಹಸಿರು ಪುಡಿ ಕಲೆ ಇರೋದೂ ಆ ಎರಡೇ ಕೋಣೇದ್ರಲ್ಲಿ. ರುಚಿ ನೋಡೋನ ಬಟ್ಟೇಲಿ ಹಸಿರಿಲ್ಲ."

ಅತ್ತೆಯ ಮೊಣಕಾಲ ಗಾಯಕ್ಕೂ ಅರಸನೇ ಆ ಪುಡಿ ತಿನ್ನಿಸುತ್ತಿದ್ದ. "ಹುಣ್ಣು ವಾಸಿ ಮಾಡಿದ್ದೇ ಆ ಪುಡಿ!" ಎಂದು ಗುಡುಗಿದ.

"ಹೌದು ಬುದ್ಧಿ, ಅದಿಲ್ದಿದ್ರೆ ರಾಣಿಯೋರು ಉಳೀತಿರ್ಲಿಲ್ಲ. ಆದ್ರೆ ಅದಕ್ಕೆ ಪೈರು ಯಾವ್ದು, ಕಳೆ ಯಾವ್ದು ಗೊತ್ತಾಗಾಕಿಲ್ಲ. ಹಾಲಿಗೆ ಹೆಪ್ಪು ಇದ್ದಂಗೆ ಹೊಟ್ಟೆ ಒಳಗೂ ನಮಗೆ ಬೇಕಾದ್ದು ಇರ್ತದೆ. ಅದನ್ನೂ ಕಿತ್ತು ಹೊಲ ಬರಿದು ಮಾಡಿದ್ರೆ ಜೇಕು ಅನ್ನೋ ಹಟಮಾರಿ ಕಳೆ ಏಳ್ತದೆ. ಜೇಕಿನ ಗಡ್ಡೆ ಯಾವ್ದಕ್ಕೂ ಸಾಯಾಕಿಲ್ಲ. ರುಚಿ ನೋಡೋನ ಹೊಟ್ಟೇಲಿ ಪೈರು ತುಂಬೈತೆ, ಜೇಕಿಗೆ ಜಾಗ ಇಲ್ಲ."

ಪಂಡಿತರು ತಲೆಯೆತ್ತಿ ಹೊನ್ನಿಯನ್ನು ನೋಡಿದರು. ಅರಸ ಪಂಡಿತರನ್ನು ನೋಡಿದ. ಪಂಡಿತರು ಮತ್ತೆ ತಲೆ ತಗ್ಗಿಸಿದರು.

"ಎರಡನೆಯದು. ಏಳು ಬಾಗಿಲಿಗೂ ಕಾವಲಿದೆ. ಆದರೂ ರಾಣಿಯ ರೋಗ ಅತ್ತೆಯ ಹಾಸಿಗೆಗೆ ಹೋಯಿತು. ಯಾರ ಕಾಲಲ್ಲಿ ನಡೆಯಿತು?"

ಹೊನ್ನಿ ತನ್ನ ಅಂಗೈ ಎತ್ತಿ ತೋರಿಸಿದಳು. "ಆ ಜೇಕು ಹೋಗಿದ್ದು ಕಾಲಲ್ಲಲ್ಲ ಬುದ್ಧಿ, ಕೈಯಲ್ಲಿ. ಎರಡು ಕೋಣೆಗೂ ಹೋಗೋರು ಒಬ್ರೇ. ಅವರ ಶಲ್ಯದಲ್ಲಿ ಎರಡು ಕೋಣೆ ಕೊಳೇನೂ ಐತೆ. ನಾನೇ ಒಗ್ದಿದೀನಿ."

ಆ ಶಲ್ಯ ಯಾರದೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

"ಬಿಂದಿಗೆಯ ನೀರಿನಲ್ಲೇ ವಿಷ ಇದ್ದರೆ?" ಎಂದ ಅರಸ ಮೆಲ್ಲಗೆ. "ಅದಕ್ಕೇ ತೊಳೆಯದೆ ಶಲ್ಯಕ್ಕೆ ಕೈ ಒರೆಸಿಕೊಳ್ಳುತ್ತಿದ್ದೆ." ಮರುಕ್ಷಣ ಅವನ ದನಿ ಬಿಗಿಯಾಯಿತು. "ಮೂರನೆಯದು. ರಾಣಿಯ ಸಾವು ಬಯಸಿದವನು ಯಾರು? ಹೆಸರು ಹೇಳು."

"ಯಾರೂ ಬಯಸಿಲ್ಲ. ಬಯಸದೋರ ಕೈಯಿಂದ್ಲೇ ಆಗೈತೆ." ಹೊನ್ನಿ ಪಂಡಿತರತ್ತ ತಿರುಗಿದಳು. "ಸ್ವಾಮಿ, ಪುಡಿ ಎಷ್ಟು ದಿನ ಅಂದಿದ್ರಿ?"

"ಐದು," ಎಂದರು ಪಂಡಿತರು ನೆಲ ನೋಡುತ್ತ.

"ತಿನ್ಸಿದ್ದು?"

ಎರಡು ತಿಂಗಳೆಂದು ಎಲ್ಲರಿಗೂ ಗೊತ್ತಿತ್ತು. ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. "ನನ್ನ ಹೆಂಡತಿಗೆ ನಾನೇ ವಿಷವಿಕ್ಕಿದೆ ಎನ್ನುತ್ತೀಯಾ?"

ಹೊನ್ನಿಗೆ ಗಂಡನ ಕುತ್ತಿಗೆ ಕಣ್ಣ ಮುಂದೆ ಬಂತು. "ಅಮಾವಾಸ್ಯೆಗೆ ಇನ್ನೂ ಎಂಟು ದಿನ ಐತೆ ಬುದ್ಧಿ. ಅಲ್ಲೀಗಂಟ ಪುಡಿ ನಿಲ್ಸಿ. ಉಪ್ಪು ಹಾಕಿದ ಗಂಜಿ ಕುಡಿಸಿ. ಮುಟ್ಟಿದಾಗೆಲ್ಲ ಕೈ ತೊಳೀರಿ. ಸರಿಹೋಗದಿದ್ರೆ ನನ್ನ ತಲೆ ಮೊದ್ಲು ತೆಗೀರಿ."

ಅಲ್ಲೇ ಇದ್ದ ಅರಮನೆಯ ಬಿಂದಿಗೆಯಿಂದ ಒಂದು ಬೊಗಸೆ ನೀರನ್ನು ಅವಳು ಎಲ್ಲರೆದುರು ಗಟಗಟ ಕುಡಿದಳು. ಆಮೇಲೆ ಸೆರಗಿನ ಗಂಟಿನಲ್ಲಿದ್ದ ಅಂಟುವಾಳ ಉಜ್ಜಿ, ಅರಸನ ಕೈ ತೊಳೆಯಲು ನೊರೆ ಹಿಡಿದು ನಿಂತಳು. ಅರಸ ಕತ್ತಿಯ ಹಿಡಿ ಬಿಟ್ಟ. ಕೊನೆಗೆ ಎರಡೂ ಕೈ ಚಾಚಿದ.

ನಾಲ್ಕನೆಯ ದಿನ ಭೇದಿ ಇಳಿಯಿತು. ಎಂಟನೆಯ ದಿನ ರಾಣಿ ದಿಂಬಿಗೆ ಒರಗಿ ಕುಳಿತಳು. ಅತ್ತೆ ಆಗಲೇ ಉಪ್ಪಿನಕಾಯಿ ಬೇಕೆಂದು ರಂಪ ಮಾಡುತ್ತಿದ್ದರು. ಅಮಾವಾಸ್ಯೆಯ ಬೆಳಗ್ಗೆ ಸೆರೆಯ ಬಾಗಿಲು ತೆರೆದು ದಳವಾಯಿ, ಜೋಯಿಸ, ಚಿಕ್ಕಮಾಚ ಮೂವರೂ ತಲೆ ಸಮೇತ ಹೊರಬಂದರು. ಹತ್ತು ಹಳ್ಳಿಯ ಉಂಬಳಿ ಹೊನ್ನಿಯ ಹೆಸರಿಗಾಯಿತು. ಅವಳು ಗಂಡನನ್ನು ತಬ್ಬಿಕೊಂಡು ಬೀದಿಯಲ್ಲೇ ಅತ್ತಳು.

ಒಳಗೆ ರಾಣಿ ಕೇಳಿದಳು: "ವಿಷ ಇಕ್ಕಿದವರು ಸಿಕ್ಕಿದರಾ?"

"ಸಿಕ್ಕಿದ," ಎಂದ ಅರಸ. ಕಣ್ಣು ತುಂಬಿ ಬಂತು. "ನಾನೇ."

"ಗೊತ್ತಿತ್ತು," ಎಂದಳು ರಾಣಿ. "ಪುಡಿ ತಿಂದಷ್ಟೂ ಹೊಟ್ಟೆ ಕೆಡುತ್ತಿತ್ತು. ಹೇಳಿದ್ದರೆ ನೀವು ಪಂಡಿತರ ತಲೆ ತೆಗೆಸುತ್ತಿದ್ದಿರಿ. ಅದಕ್ಕೇ ಸುಮ್ಮನೆ ನುಂಗಿದೆ."